ನೊರೆ ಜಾಸ್ತಿ ಬರುವ ಸೋಪು

ನಾಲ್ಕು ದಿನ ಇದ್ದು ಹೋಗೋಣವೆಂದು ತಮ್ಮನ ಮನೆಗೆ ಬಂದು, ಎರಡು ತಿಂಗಳಿಂದ ಅಲ್ಲೇ ತಳವೂರಿದ್ದ ನಿವೃತ್ತ ಹೆಡ್‌ಮಿಸ್ಸು ಬಸ್‌ಸ್ಟಾಪಿನ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಗುರುತುಪರಿಚಯವಿಲ್ಲದ ಗೆಳತಿಯರಿಬ್ಬರ ಗುಸುಗುಸು ನಡೆದಿತ್ತು. ಕೊನೇ ಬೆಂಚಿನ ಪಿಸುಮಾತು ಹಿಡಿದು ಪಳಗಿದ ಕಿವಿ ತಾನಾಗಿ ಅತ್ತ ವಾಲಿತು.

“ನಮ್ಮನೆಯವರ ಅಕ್ಕ ಹೊರಡೋ ಮಾತೇ ಎತ್ತುತ್ತಿಲ್ಲ ಕಣೇ. ನೀನು ಕೊಟ್ಟ ಸೋಪಿನಿಂದ ಒಡೆದ ಮೈಯೆಲ್ಲ ಬೆಣ್ಣೆಯಾಯ್ತಂತೆ.”

“ಅದರಲ್ಲಿ ಮುಕ್ಕಾಲು ಪಾಲು ಆಲಿವ್ ಎಣ್ಣೆ. ಒಣಚರ್ಮಕ್ಕೆ ಅದೇ ಹಿತ.”

“ಹಿತ ಅತಿಯಾಯ್ತು. ಒಂಚೂರು ಕಮ್ಮಿ ಮಾಡೋಕಾಗಲ್ವಾ?”

“ಆಲಿವ್ ಇಳಿಸಿ ಕೊಬ್ಬರಿ ಎಣ್ಣೆ ಏರಿಸಿದರೆ ಮುಗೀತು. ನೊರೆ ಬುಸುಬುಸು ಬರುತ್ತೆ, ಮೈಯಲ್ಲಿರೋ ಜಿಡ್ಡನ್ನೆಲ್ಲ ಎಳ್ಕೊಂಡು ಹೋಗುತ್ತೆ.”

“ಗಾಯಗೀಯ ಆಗಲ್ಲ ತಾನೇ? ಪಾಪ, ಒಳ್ಳೆಯವರು.”

“ಬರೀ ತುರಿಕೆ. ಈ ಊರಿನ ನೀರು ನಂಗೆ ಆಗಿಬರ್ತಿಲ್ಲ ಅಂತ ಅವರೇ ಗಂಟುಮೂಟೆ ಕಟ್ತಾರೆ.”

“ಹಂಗಾದ್ರೆ ಇವತ್ತೇ ಮಾಡ್ಕೊಡು.”

“ಸೋಪು ಒಣಗಿ ಹದಕ್ಕೆ ಬರೋಕೆ ತಿಂಗಳು ಬೇಕು. ನಮ್ಮತ್ತೆ ಬಂದಾಗ ಮಾಡಿದ್ದರಲ್ಲಿ ಎರಡು ಬಿಲ್ಲೆ ಉಳಿದಿವೆ, ತಗೊಂಡು ಹೋಗು.”

ಬಸ್ಸು ಬಂತು. ಇಬ್ಬರೂ ಕಿಸಕ್ಕನೆ ನಗುತ್ತಾ ಹತ್ತಿಹೋದರು.

ಹೆಡ್‌ಮಿಸ್ಸಿಗೂ ನಗು ತಡೆಯಲಾಗಲಿಲ್ಲ. ‘ಯಾರ ಅಕ್ಕನೋ ಪಾಪ’ ಎಂದುಕೊಂಡು ಮೊಣಕೈ ಕೆರೆದುಕೊಂಡರು. ಕೆರೆಯುತ್ತಿದ್ದ ಕೈ ಅಲ್ಲೇ ನಿಂತಿತು. ತಮ್ಮನ ಹೆಂಡತಿ ಹೊಸದಾಗಿ ತಂದಿಟ್ಟ ಸೋಪಿನ ನೊರೆಯನ್ನು ಅವರು ಬೆಳಿಗ್ಗೆ ತಾನೇ ಬಾಯಿತುಂಬ ಹೊಗಳಿದ್ದರು. ಅದೇ ಬಾಯಲ್ಲಿ ಈ ಊರಿನ ನೀರನ್ನು ಬೈದಿದ್ದರು.