ಸೋಮವಾರ ಬಾವಿಗೆ ಜಾಲರಿ

೧೯೯೭ರ ಮಾರ್ಚ್ ಎರಡು, ಭಾನುವಾರ ಬೆಳಿಗ್ಗೆ, ಮಾಕಳಿಯ ಲಕ್ಷ್ಮಣಪ್ಪನವರ ತೋಟದ ಬಾವಿಯಲ್ಲಿ ಈಜುತ್ತಿದ್ದಾಗ ಮಹಾದೇವಿಯವರು ಲಿಂಗೈಕ್ಯರಾದರು. ಅವರಿಗೆ ಅರವತ್ತೊಂದು ವರ್ಷ. ಆಗ ಬಾವಿಯ ಮೆಟ್ಟಿಲ ಮೇಲೆ ಕೂತಿದ್ದವಳು ನಾನು.

ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ — ಯಾಕೆಂದರೆ ಈ ಎರಡು ವಾರಗಳಲ್ಲಿ ಇದನ್ನು ಬೇರೆ ಬೇರೆ ಥರ ಕೇಳಿದ್ದೇನೆ. ಕಾಲು ಜಾರಿತು ಅಂದರು. ಯಾರೋ ಪಂಥ ಕಟ್ಟಿದ್ದರು ಅಂದರು. ಅದ್ಯಾವುದೂ ಅಲ್ಲ.

ಮಹಾದೇವಿಯವರ ಯಜಮಾನರಾದ ಚನ್ನವೀರಪ್ಪನವರೇ, ಮಗ ಕೊಟ್ರೇಶ್, ಮನೆಯ ಬಂಧುಗಳೇ, ನಮ್ಮ ಕಾರ್ಖಾನೆಯ ಹಿರಿಯರೇ, ಗೆಳತಿಯರೇ — ಮೊದಲ ಪಾಳಿ ಮುಗಿಸಿ ಮನೆಗೆ ಹೋಗದೆ ಈ ಕ್ಯಾಂಟೀನಿನಲ್ಲಿ ಕೂತಿದ್ದೀರಿ. ನಿಮಗೆಲ್ಲ ನಮಸ್ಕಾರ. ನಾನು ಶಶಿಕಲಾ, ಮೀಟರ್ ಜೋಡಿಸುವ ವಿಭಾಗ. ಮಹಾದೇವಿಯವರ ಪಕ್ಕದ ಸ್ಟೂಲಿನಲ್ಲಿ ಕೂತು ಕೆಲಸ ಕಲಿತವಳು. ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ.

ನಿವೃತ್ತರಾದ ವರ್ಷ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಡಾಕ್ಟರು ನಡೆಯಿರಿ ಅಂದರು. ಇವರು ಓಡಿದರು. ಹರಿಹರದ ಕಡೆಯವರು, ಹೊಲದಲ್ಲಿ ಹೆಂಗಸರು ಕಚ್ಚೆ ಹಾಕಿ ಸೀರೆ ಉಡುವುದನ್ನು ನೋಡಿ ಬೆಳೆದವರು. ನಮ್ಮ ಯೂನಿಫಾರಂ ಸೀರೆಯನ್ನೇ — ಇದೇ, ಈಗ ನಾನು ಉಟ್ಟಿರುವ ನೀಲಿ ಅಂಚಿನದು — ಕಚ್ಚೆ ಕಟ್ಟಿ, ಮೊಮ್ಮಗಳು ಮೇಘಾಳ ಹಳೆಯ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಪೀಣ್ಯದ ರಸ್ತೆಗಿಳಿದರು. ನನ್ನನ್ನೂ ಎಳೆದುಕೊಂಡರು. ನನಗೆ ಮಂಡಿ ನೋವು. ಬಸ್ಸಿನ ಮೆಟ್ಟಿಲು ಹತ್ತಬೇಕಾದರೆ ಕಂಡಕ್ಟರ್ ಕೈ ಕೊಡಬೇಕಿತ್ತು. ಸೀಟು ಸಿಕ್ಕಿದರೆ ಯಾವುದಾದರೂ ಅನುವಾದದ ಕಾದಂಬರಿ ತೆಗೆದು ಕೂರುವವಳು. ಅವರು ಬಿಡಲಿಲ್ಲ.

“ಏ ಶಶಿ, ಆ ರಷ್ಯಾದೋರ ಒಂದು ಹೆಸ್ರು ನೀ ಓದಿ ಮುಗ್ಸಾದ್ರೊಳಗೆ ನಾನು ಜಾಲಹಳ್ಳಿ ಕ್ರಾಸ್ ಮುಟ್ಟಿ ವಾಪಸ್ ಬಂದಿರ್ತೀನಿ. ಏಳವ್ವ ಮ್ಯಾಲೆ!”

ಒಂದು ಬೆಳಿಗ್ಗೆ — ಮೊದಲ ಪಾಳಿ ಶುರುವಾಗುವ ಹೊತ್ತು, ನನಗೆ ಅಂದು ಎರಡನೇ ಪಾಳಿ — ನಾವಿಬ್ಬರೂ ನಮ್ಮ ಗೇಟಿನ ಮುಂದೆ ಓಡಿ ಹೋಗುತ್ತಿದ್ದೆವು. ಹಿಂದೆ ದಡದಡ ಸದ್ದು. ತಿರುಗಿ ನೋಡಿದರೆ — ಇಲ್ಲಿಂದ ಆ ಗೋಡೆಯವರೆಗೂ ಜನ! ಊಟದ ಡಬ್ಬಿ ಎದೆಗವಚಿಕೊಂಡು ಓಡಿ ಬರುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ನಮ್ಮ ಸೆಕ್ಯೂರಿಟಿ ಮುನೀಂದ್ರ, ಟೋಪಿ ಕೈಯಲ್ಲಿ. ಮಹಾದೇವಿಯವರ ಮುಖ ಬಿಳಿಚಿಕೊಂಡಿತು.

“ಶಶಿ, ಬಾಯ್ಲರ್ ಸಿಡೀತು ಕಾಣ್ತತಿ! ಓಡು, ಓಡು!”

ಓಡಿದೆವು. ಹಾಗೆ ನಾನು ಜನ್ಮದಲ್ಲಿ ಓಡಿರಲಿಲ್ಲ. ಬಸ್ ಸ್ಟಾಪಿನಲ್ಲಿ ಉಸಿರು ಕಟ್ಟಿ ನಿಂತಾಗ ಮುನೀಂದ್ರ ಕೇಳಿದ, “ಏನಾಯ್ತು ಮೇಡಂ? ಗ್ಯಾಸ್ ಲೀಕಾ?”

“ನಿನ್ನ ಕೇಳ್ಬೇಕು ಕಣಪ್ಪ. ನೀ ಯಾಕೆ ಓಡಿದ್ದು?” ಅಂದೆ ನಾನು.

“ನೀವು ಓಡ್ತಿದ್ರಲ್ಲ! ಯೂನಿಫಾರಂ ಹಾಕ್ಕೊಂಡು, ಈ ವಯಸ್ಸಲ್ಲಿ, ಗೇಟ್ ಕಡೆಯಿಂದ ಓಡ್ಬಂದ್ರೆ ನಾವಿನ್ನೇನ್ ಅನ್ಕೋಬೇಕು ಮೇಡಂ?”

ನಗಿ, ಪರವಾಗಿಲ್ಲ. ಅವರು ಫುಟ್‌ಪಾತಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಮಾರನೆಯ ದಿನದಿಂದ ಬೇರೆ ಸೀರೆ ಉಟ್ಟು ಬಂದರು — ಓಟ ಬಿಡಲಿಲ್ಲ.

ಭಾನುವಾರ ಮಾತ್ರ ಓಟವಿಲ್ಲ, ಮಾಕಳಿಯ ಬಾವಿ. ಚಿಕ್ಕಂದಿನಲ್ಲಿ ಹೊಳೆಯಲ್ಲಿ ಈಜಿದವರು ಅವರು. ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗಿಳಿಸಿದರು. ನಮ್ಮ ಅಶ್ವತ್ಥಮ್ಮ, ವಸಂತಮ್ಮ ಕೂಡ ಬರತೊಡಗಿದರು. ಲಕ್ಷ್ಮಣಪ್ಪನವರ ಹೆಂಡತಿ ರಾಮಕ್ಕ ಬೇಡ ಅನ್ನಲಿಲ್ಲ. ಆದರೆ ಅವರ ಮನೆಯಲ್ಲಿ ಹಿಂದಿನಿಂದ ನಡೆದು ಬಂದ ಒಂದು ಕಟ್ಟಳೆ ಇತ್ತು.

“ಮೇಲ್ ಕುಂತೋರು ಕೂಗ್ತಾ ಇರ್ಬೇಕು, ನೀರಾಗಿರೋರು ‘ಓ’ ಅನ್ತಾ ಇರ್ಬೇಕು. ಅಂಗಾದ್ರೆ ಇಳೀರಿ. ಇಲ್ಲಾಂದ್ರೆ ಓಗ್ರವ್ವ ಮನೆಗೆ.”

ಹಾಗೇ ನಡೆದುಕೊಂಡೆವು. ಮಳೆಗಾಲ ಮುಗಿಯುವುದರೊಳಗೆ ನಾನು ಯಾರ ಕೈಯನ್ನೂ ಹಿಡಿಯದೆ ಬಸ್ಸು ಹತ್ತಿದೆ.

ಆ ದಿನ — ಅವರು ಅಂಗಾತ ತೇಲುತ್ತಿದ್ದರು. ಮುಖ ಆಕಾಶಕ್ಕೆ. ನಾನು ಮೆಟ್ಟಿಲ ಮೇಲಿಂದ, “ಮಹಾದೇವೀ” ಅಂದೆ. “ಓ” ಅಂದರು. ಇನ್ನೊಮ್ಮೆ ಕೂಗಿದೆ. “ಇಲ್ಲೇ ಅದೀನಿ ತಾಯಿ, ಎಲ್ಲಿ ಹೋಗ್ಲಿ?” ಅಂದರು. ಮತ್ತೆ ಕೂಗಿದೆ.

ಬಾವಿ ನನ್ನ ದನಿಯನ್ನೇ ತಿರುಗಿ ಕೊಟ್ಟಿತು.

ಮುಖ ನೀರಿನ ಮೇಲೇ ಇತ್ತು. ಏನೂ ಬದಲಾಗಿರಲಿಲ್ಲ — ಅದನ್ನೇ ನಾನು ಮರೆಯಲಾರೆ — ಏನೂ ಬದಲಾಗಿರಲಿಲ್ಲ. ಬುರುಡೆ ಕಟ್ಟಿಕೊಳ್ಳದೆ ಹಾರಿದೆ. ರಾಮಕ್ಕ ಕಿರುಚಿದರು, ಲಕ್ಷ್ಮಣಪ್ಪನವರು ಹಗ್ಗ ಇಳಿಬಿಟ್ಟರು. ಮಹಾದೇವಿಯವರು ನೀರು ಕುಡಿದಿರಲಿಲ್ಲ. ಹೃದಯ ನಿಂತಿದೆ ಅಂದರು ಡಾಕ್ಟರು. ಅಡುಗೆಮನೆಯಲ್ಲಿ ನಿಂತಿದ್ದರೂ ಆಗಬಹುದಿತ್ತು ಅಂದರು.

ಕೊಟ್ರೇಶ್, ಆಸ್ಪತ್ರೆಯ ಬಾಗಿಲಲ್ಲಿ ನೀನು ನನ್ನನ್ನು ಕೇಳಿದೆ — “ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಆಂಟಿ?” ನನಗೆ ಇಷ್ಟು ಗೊತ್ತು: ಅಂಗಾಲು ಉರಿಯುತ್ತದೆ ಅಂತ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದವರು ಈ ಒಂದು ವರ್ಷ ನಿದ್ದೆ ಮಾಡಿದರು. ನಿಮ್ಮ ತಂದೆಯವರನ್ನು ಕೇಳು.

ನನಗೆ ಭಯವಾಗಿದೆ. ಅದನ್ನು ಈ ಸಭೆಯಲ್ಲಿ ಹೇಳಬಾರದೇನೋ, ಆದರೂ ಹೇಳುತ್ತೇನೆ. ಬಚ್ಚಲಿನಲ್ಲಿ ತಲೆಗೆ ನೀರು ಸುರಿದುಕೊಳ್ಳುವಾಗ ಕಣ್ಣು ಮುಚ್ಚಲು ಆಗುತ್ತಿಲ್ಲ. ಸೋಪು ಕಣ್ಣಿಗೆ ಹೋದರೂ ತೆರೆದೇ ಇರುತ್ತೇನೆ. ಬಸ್ಸಿಗೆ ನಾಲ್ಕು ಹೆಜ್ಜೆ ಬೇಗ ಹಾಕಿದರೆ ಎದೆ ಬಡಿಯುವುದು ಕೇಳಿಸುತ್ತದೆ; ನಿಂತು, ಮುಂದಿನ ಬಡಿತ ಬರುತ್ತದೆಯೋ ಅಂತ ಕಾಯುತ್ತೇನೆ. ಅಶ್ವತ್ಥಮ್ಮ, ವಸಂತಮ್ಮ ಇನ್ನು ಬರುವುದಿಲ್ಲ ಅಂದಿದ್ದಾರೆ. ನಾನೂ ಅಂದೆ. ಆದರೆ ಮಂಡಿ ಮತ್ತೆ ಬಿಗಿಯುತ್ತಿದೆ — ನಿನ್ನೆ ಕಂಡಕ್ಟರ್ ಕೈ ಕೊಟ್ಟ, ನಾನು ಹಿಡಿದುಕೊಂಡೆ. ನನ್ನ ತಾಯಿ ಇದೇ ಮಂಡಿಯಿಂದ ಹಾಸಿಗೆ ಹಿಡಿದು, ಸಾಯುವವರೆಗೂ ಕಿಟಕಿಯಾಚೆಗಿನ ಬೀದಿ ನೋಡಲಿಲ್ಲ. ಆ ಭಯವೂ ಇದೆ. ಎರಡರಲ್ಲಿ ಯಾವುದು ದೊಡ್ಡದು ಅಂತ ಇಷ್ಟು ದಿನ ಗೊತ್ತಾಗಲಿಲ್ಲ.

ಸೋಮವಾರ ಲಕ್ಷ್ಮಣಪ್ಪನವರು ಬಾವಿಗೆ ಕಬ್ಬಿಣದ ಜಾಲರಿ ಹಾಕಿಸುತ್ತಿದ್ದಾರೆ. ವೆಲ್ಡಿಂಗಿನವನು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಅವರದು ತಪ್ಪು ಅನ್ನಲಾರೆ. ರಾಮಕ್ಕ ನನಗೆ ಹೇಳಿ ಕಳಿಸಿದ್ದಾರೆ: “ನಿಮ್ಮೋರು ಯಾರಾನ ಇಳಿಯೋರಿದ್ರೆ ಜಾಲ್ರಿಗೆ ಒಂದ್ ಬಾಗ್ಲು ಇಡುಸ್ತೀವಿ. ಬಾಯ್ಮಾತಲ್ಲಿ ಅಂದ್ರೆ ಆಗಾಕಿಲ್ಲ ಕಣವ್ವ, ಬಂದು ಇಳೀಬೇಕು. ಯಾರೂ ಬರ್ದಿದ್ರೆ ಪೂರ್ತಿ ಮುಚ್ಚುಸ್ಬುಡ್ತೀವಿ.”

ನಾಳೆ ಭಾನುವಾರ. ಬೆಳಿಗ್ಗೆ ಮಾಕಳಿಗೆ ಹೋಗಿ ನೀರಿಗಿಳಿಯುತ್ತೇನೆ ಅಂತ ತೀರ್ಮಾನ ಮಾಡಿದ್ದೇನೆ. ಮನೆಯಲ್ಲಿ ಹೇಳಿರಲಿಲ್ಲ. ನನ್ನ ಮಗಳು ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ — ಈಗ ಕೇಳಿಸಿಕೊಂಡಳು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಹಾದೇವಿಯವರಿಗಾಗಿ ಒಂದು ನಿಮಿಷ ಸುಮ್ಮನಿರೋಣ. ಆಮೇಲೆ ನನ್ನನ್ನು ಸಮಾಧಾನ ಮಾಡಲು ಯಾರೂ ಬರಬೇಡಿ. ನಾಳೆ ಬೇಡ ಅಂತ ನಿಮ್ಮಲ್ಲಿ ಒಬ್ಬರು ಅಂದರೂ ಸಾಕು, ನಾನು ಹೋಗುವುದಿಲ್ಲ. ಆದ್ದರಿಂದ — ದಯವಿಟ್ಟು — ಏನೂ ಅನ್ನಬೇಡಿ.