ಆಚೆ ದಿಣ್ಣೆಯ ಹತ್ತೊಂಬತ್ತು ಮರ

ನಗುವುದಾದರೆ ಈಗಲೇ ನಕ್ಕುಬಿಡಿ, ಆಮೇಲೆ ಬೇಡ. ಇದು ಅವರಿವರು ಹೇಳಿದ್ದಲ್ಲ ಮಾರಾಯ್ರೆ, ನನ್ನ ಚಿಕ್ಕಮ್ಮನ ಮಗಳು ಪ್ರಾಪ್ತಿಗೆ ಆದದ್ದು. ಮೂರು ವಾರ ಹಿಂದೆ.

ರಾತ್ರಿ ಎಂಟೂವರೆ ಆಗಿರಬೇಕು. ಕೊಟ್ಟಾರದಲ್ಲಿ ಬಸ್ಸಿಳಿದು ಹೊಳೆ ಕಡೆಯ ಓಣಿಯಲ್ಲಿ ಬರ್ತಿದ್ದಳು. ಕರೆಂಟ್ ಇಲ್ಲ. ಹಾಳು ಬಾವಿಯ ಹತ್ತಿರ ಒಂದು ಶಬ್ದ... ಸರಕ್... ಸರಕ್... ಒರಟು ತೊಗಟೆಯ ಮೇಲೆ ಬ್ರಶ್ ಎಳೆದ ಹಾಗೆ. ಆ ಶಬ್ದ ಅವಳಿಗೆ ಚೆನ್ನಾಗಿ ಗೊತ್ತು. ಅವಳ ಕೆಲಸವೇ ಅದು.

ಆಮೇಲೆ ಪಿಸುಮಾತು. "ಆಚೆ ಬದಿ ಬಾಕಿ ಉಂಟು, ಮಗಾ."

ಸ್ವರ ಮಾಯಿಲಪ್ಪನದ್ದು. ಮಾಯಿಲಪ್ಪ ಹೊಳೆ ಪಾಲಾಗಿ ಆಗ ಎಂಟು ದಿನ.

ಪ್ರಾಪ್ತಿ ಕಲಿತದ್ದು ಸಸ್ಯಶಾಸ್ತ್ರ. ಗೋದಾಮೋ ರಸ್ತೆಯೋ ಬರುವ ಜಾಗದಲ್ಲಿ ಮರ ಗುರುತಿಸಿ ಹಳದಿ ಬಣ್ಣದಲ್ಲಿ ನಂಬರ್ ಹಾಕುವುದು ಅವಳ ಕೆಲಸ. ನಂಬರ್ ಬಿದ್ದ ಮರ ಕಡಿಯಲಿಕ್ಕೆ ಪರ್ಮಿಷನ್ ಬೇಕು. ನಂಬರ್ ಇಲ್ಲದ್ದು ಕಾಗದದ ಮಟ್ಟಿಗೆ ಮರವೇ ಅಲ್ಲ.

ಈ ಸಲ ಗೋದಾಮು ಬರುವುದಿದ್ದದ್ದು ಹೊಳೆ ಬದಿಯ ಕೆಸರು ಬೈಲಿನಲ್ಲಿ. ಅದರ ನಡುವೆ ಎರಡು ದಿಣ್ಣೆ ಇದ್ದವು. ಕೆಳಗೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ, ಅಂಚಿಗೆ ಕೇದಗೆ, ನೆತ್ತಿಯಲ್ಲಿ ಸುರಹೊನ್ನೆ, ನೇರಳೆ, ಹೊಳೆಮತ್ತಿ. ದೊಡ್ಡ ನೆರೆಗೆ ದಿಣ್ಣೆಯೂ ಮುಳುಗ್ತದೆ, ಮರದ ತುದಿ ಮಾತ್ರ ಮೇಲೆ. ಅಲ್ಲಿ ಒಂಟಿಯಾಗಿ ಇದ್ದವ ಮಾಯಿಲಪ್ಪ, ಬಲೆ ಹಾಕುವ ಮುದುಕ. ಅವಳನ್ನು ದೋಣಿಯಲ್ಲಿ ದಾಟಿಸಿದವನೂ ಅವನೇ.

ಈಚೆ ದಿಣ್ಣೆಯಲ್ಲಿ ಅರವತ್ತಮೂರು ಮರ ಮುಗಿಯುವಾಗ ಸಂಜೆ ಆಯ್ತು. ಆಚೆ ದಿಣ್ಣೆಗೆ ಸೊಂಟದವರೆಗೆ ಕೆಸರು, ನೀರು ಬೇರೆ ಏರ್ತಾ ಇತ್ತು. ಮಾಯಿಲಪ್ಪ ಕೈ ನೀಡಿದ. ಆಚೆ ಹತ್ತೊಂಬತ್ತು ಉಂಟು, ಎಲ್ಲಾ ಅಜ್ಜನ ಕಾಲದ್ದು, ನಾನು ಹಿಡ್ಕೊಳ್ತೇನೆ ಬಾ ಅಂದ. ಇವಳಿಗೆ ಸುಸ್ತು. ನಿಂತಲ್ಲಿಂದಲೇ ಪುಸ್ತಕದಲ್ಲಿ ಬರೆದಳು: ಉಳಿದದ್ದು ಪೊದೆ.

ಎರಡೇ ಪದ. ಆಚೆ ದಿಣ್ಣೆ ಎರಡೇ ದಿನದಲ್ಲಿ ಬೋಳಾಯ್ತು.

ಆಟಿ ತಿಂಗಳ ಜಡಿಮಳೆಗೆ ನೆರೆ ಬಂತು. ಮಾಯಿಲಪ್ಪನ ಗುಡಿಸಲು ಇದ್ದದ್ದು ಆಚೆ ದಿಣ್ಣೆಯ ಬುಡದಲ್ಲಿ. ಪ್ರತಿ ವರ್ಷ ಅಲ್ಲಿಯ ಸುರಹೊನ್ನೆಗೆ ದೋಣಿ ಕಟ್ಟಿ, ಮರ ಹತ್ತಿ ಕೂರ್ತಿದ್ದ. ಈ ಸಲ ಕಟ್ಟಲಿಕ್ಕೂ ಇಲ್ಲ, ಹತ್ತಲಿಕ್ಕೂ ಇಲ್ಲ. ದೋಣಿ ಮಗುಚಿ ಸಿಕ್ಕಿತು. ಅವನು ಸಿಗಲಿಲ್ಲ.

ಬಾವಿಯ ಹತ್ತಿರ ಸ್ವರ ಕೇಳಿದ ಮರುದಿನ ಬೆಳಿಗ್ಗೆ ಅವಳ ಮನೆ ಮೆಟ್ಟಿಲ ಮೇಲೆ ಒಂದು ಸುರಹೊನ್ನೆ ಕಾಯಿ. ಮಕ್ಕಳು ಗೋಲಿ ಆಡುವಷ್ಟು ದೊಡ್ಡದು. ಅದರ ಮೇಲೆ ಹಳದಿ ಬಣ್ಣದಲ್ಲಿ ಅರವತ್ತನಾಲ್ಕು. ಮರುದಿನ ಅರವತ್ತೈದು... ಬಾವಲಿ ತಂದು ಹಾಕ್ತದೆ ಅಂದರು ನೆರೆಯವರು. ಸರಿ, ಬಾವಲಿ ಕಾಯಿ ತರ್ತದೆ. ನಂಬರ್ ಬರೀತದಾ?

ಚಿಕ್ಕಮ್ಮ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು, ಹರಕೆ ಹೇಳಿದರು. ಎಂತದೂ ಆಗಲಿಲ್ಲ. ಪ್ರಾಪ್ತಿ ಆಫೀಸಿಗೆ ಹೋಗಿ, ನಾನು ಸುಳ್ಳು ಬರೆದದ್ದು, ಲಿಸ್ಟ್ ತಿದ್ದಿ ಅಂತ ಅತ್ತಳಂತೆ. ಹಾಗಾದ್ರೆ ಮರ ಎಲ್ಲುಂಟು ತೋರಿಸಿ ಅಂದರಂತೆ ಅವರು. ಎಲ್ಲಿಂದ ತೋರಿಸುವುದು?

ಮೊನ್ನೆ ಎಂಬತ್ತೆರಡು ಬಂತು. ಹತ್ತೊಂಬತ್ತು ಮರದ ಲೆಕ್ಕ ಮುಗಿಯಿತಲ್ಲ, ಇನ್ನು ಬಿಡ್ತಾನೆ ಅಂದುಕೊಂಡೆವು. ಅವತ್ತು ಅವಳು ಹೊಟ್ಟೆ ತುಂಬ ಉಂಡಳು ಕೂಡ.

ನಿನ್ನೆ ಎಂಬತ್ತಮೂರು.

ಕಾಯಿಯನ್ನು ತುಂಬ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದಳು. "ಮರ ಮುಗೀತು. ಇದು ಮಾಯಿಲಪ್ಪ," ಅಂದಳು. ಆಮೇಲೆ ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಬಾಗಿಲ ಹೊರಗೆ ಮಲಗಿದ್ದು ನಾನು.

ಇವತ್ತು ಅವಳು ಏಳುವ ಮೊದಲೇ ಹೋಗಿ ಮೆಟ್ಟಿಲು ನೋಡಿದೆ. ಇನ್ನೊಂದು ಇತ್ತು. ಎಂಬತ್ತನಾಲ್ಕು. ಅದು ಯಾರು ಅಂತ ಅವಳು ಕೇಳಿದರೆ ನಾನು ಎಂತ ಹೇಳಲಿ? ತೋರಿಸಲಿಲ್ಲ. ಕಿಸೆಯಲ್ಲಿ ಉಂಟು, ನಂಬದವರು ಮುಟ್ಟಿ ನೋಡಿ. ಬೆಳಿಗ್ಗೆಯಿಂದ ಹೊತ್ತುಕೊಂಡು ತಿರುಗ್ತಾ ಇದ್ದೇನೆ... ಬಣ್ಣ ಇನ್ನೂ ಒಣಗಿಲ್ಲ.