ಒಂದನೇ ಕ್ಲಾಸಿನ ತೆಲುಗು

ನಗಬೇಡಿ ಟೀಚರ್! ರಾಯಲ್ಪಾಡಿಂದ ಈ ಮಾಲೂರಿಗೆ ಮೂರು ಬಸ್ಸು ಹತ್ತಿ ಇಳಿದು ಬಂದಿದ್ದೀನಿ. ನೀವು ನಮ್ಮೂರಿನ ಸ್ಕೂಲಿಗೆ ವಾಪಸ್ ಬರಬೇಕು, ಅಷ್ಟೆ. ಏನು... ಈ ಗಂಗುಲಪ್ಪ ಬೇಡಿಕೊಳ್ತಿದ್ದಾನೆ ಅಂತ ನಗುನಾ? ಹೌದಮ್ಮ, ಕೋಲಾರದಲ್ಲಿ ಆಫೀಸುಗಳ ಮುಂದೆ ಧಿಕ್ಕಾರ ಕೂಗಿದ ಬಾಯೇ ಇದು!

ನನ್ನ ಮಗಳು ಆದಿಲಕ್ಷ್ಮಿ... ಮನೇಲಿ ನಾವೆಲ್ಲ ತೆಲುಗೇ, ಅವಳು ಅರಳು ಹುರಿದ ಹಾಗೆ ಮಾತಾಡ್ತಾಳೆ. ಸ್ಕೂಲಲ್ಲಿ ಮಾತ್ರ ಮೂಗಿ! ಹೊಸ ಮೇಷ್ಟ್ರಿಗೆ ತೆಲುಗು ಬರಲ್ಲ. ಮಗು ‘ಹೊರಗೆ ಹೋಗ್ಬೇಕು’ ಅಂತ ತೆಲುಗಲ್ಲಿ ಕೇಳ್ತು. ‘ಕನ್ನಡದಲ್ಲಿ ಕೇಳು’ ಅಂದ. ಕೇಳೋಕೆ ಬರಲಿಲ್ಲ. ಎಲ್ಲರ ಮುಂದೆ ಒದ್ದೆ ಮಾಡ್ಕೊಂಡು ನಿಂತಳು ಟೀಚರ್! ಈಗ ಒಂದನೇ ಕ್ಲಾಸಲ್ಲೇ ಎರಡನೇ ವರ್ಷ. ದಡ್ಡಿಯಂತೆ!

ನೀವು ಹೆಂಗೆ ಕಲಿಸ್ತಿದ್ರಿ? ಮಾವಿನ ವಾಟೆ ಸುರಿದು ಮೊದಲು ತೆಲುಗಲ್ಲಿ ಎಣಿಸ್ತಿದ್ರಿ, ಆಮೇಲೆ ಅದೇ ವಾಟೆ ಕನ್ನಡದಲ್ಲಿ. ದೀಪಾವಳಿ ಹೊತ್ತಿಗೆ ಮಕ್ಕಳು ಕನ್ನಡದಲ್ಲೇ ಜಗಳ ಆಡೋರು! ನಿಮ್ಮ ಹತ್ರ ಕಲಿತ ಬೈರಮ್ಮನ ಮಗ ಕದಿರೇಶ, ಏಳನೇ ಕ್ಲಾಸ್ ಕನ್ನಡದಲ್ಲಿ ತಾಲ್ಲೂಕಿಗೇ ಫಸ್ಟು! ಅಜ್ಜಿಗೆ ಕನ್ನಡ ಪೇಪರ್ ಓದಿ ತೆಲುಗಲ್ಲಿ ಹೇಳ್ತಾನೆ. ಎರಡು ಭಾಷೆ ಕಲಿತ್ರೆ ಒಂದು ಕೆಡುತ್ತೆ ಅಂದ ಮೂರ್ಖ ಯಾರು?

ಅದೇ, ನಿಮ್ಮನ್ನ ಎತ್ತಂಗಡಿ ಮಾಡಿಸಿದ ಅರ್ಜಿ ಬರೆದೋನು! ‘ಕನ್ನಡ ಶಾಲೆಯಲ್ಲಿ ತೆಲುಗು ಪಾಠ, ಇದು ನಾಡದ್ರೋಹ’ ಅಂತೆ. ಹೆಸರೂ ಹಾಕದ ಹೇಡಿ! ಎಂಬತ್ತೆರಡನೇ ಇಸವಿ, ಎಲ್ಲೆಲ್ಲೂ ಕನ್ನಡದ ಕೂಗು... ಯಾವನೋ ಆವೇಶದಲ್ಲಿ ಬರೆದುಬಿಟ್ಟ. ಯಾರು ಅಂತ ಹೇಳಿ, ಕತ್ತಿನ ಪಟ್ಟಿ ಹಿಡಿದು ಎಳ್ಕೊಂಡ್ ಬರ್ತೀನಿ.

ಹೇಳಿ.

ಯಾಕೆ... ನನ್ನ ಮುಖಾನೇ ನೋಡ್ತೀರಿ? ಭಯಾನಾ? ನಾನಿದ್ದೀನಲ್ಲ!

ಆ ಕಾಗದ... ಎಜುಕೇಶನ್ ಆಫೀಸಿನ ಸಾಹೇಬ್ರು ನಿಮಗೆ ತೋರಿಸಿದ್ರಾ?

ಹಂಗೆ ನೋಡಬೇಡಿ ಟೀಚರ್. ನಾನು ಸ್ಕೂಲಿಗೆ ಹೋದೋನಲ್ಲ, ಸಿನಿಮಾ ಪೋಸ್ಟರ್ ಓದಿ ಕನ್ನಡ ಕಲಿತೋನು. ನಿಮ್ಮ ಸ್ಕೂಲಿನ ಕಾಂಪೌಂಡ್ ಮೇಲೂ ಘೋಷಣೆ ಬರೆದೋನು. ಅರ್ಜೀಲೂ ಅದೇ ದಪ್ಪ ಅಕ್ಷರ, ಯಾರದ್ದು ಅಂತ... ದಿನಾ ನೋಡ್ತಿದ್ದ ನಿಮಗೆ ಗೊತ್ತಾಗದೆ ಇರುತ್ತಾ?

ಎರಡು ವರ್ಷದಿಂದ ಗೊತ್ತಿದೆ. ಗೊತ್ತಿದ್ದೂ ಒಳಗೆ ಕರೆದು ಕೂರಿಸಿದ್ರಿ.

ಆಗ ನನ್ನ ಮಗಳಿಗೆ ನಾಲ್ಕೇ ವರ್ಷ ಟೀಚರ್. ಬೇರೆಯೋರ ಮಕ್ಕಳೇ ತಾನೆ ಕೂತಿದ್ದು ಆ ಕ್ಲಾಸಲ್ಲಿ...

ಬಯ್ಯಿರಿ. ತೆಲುಗಲ್ಲಾದ್ರೂ ಬಯ್ಯಿರಿ, ಕನ್ನಡದಲ್ಲಾದ್ರೂ ಬಯ್ಯಿರಿ... ಒಂದು ಮಾತಾಡಿ!